ಇಂಜನು ಜೋಡಣೆಯಲ್ಲಿ ಗ್ಯಾಸ್ಕೆಟ್ ಅಂಟು: ಯಾವ ಸಂದಿಗೆ ಯಾವುದು?



ನೀರೆತ್ತುವ ಡೀಸೆಲ್ ಇಂಜನನ್ನು ಬಿಚ್ಚಿ ಮರಳಿ ಜೋಡಿಸುವಾಗ ಸಂದಿಗಳಿಗೆ ಹಚ್ಚುವ ಅಂಟಿನ ಬಗ್ಗೆ ಈ ಸಲ ನಾಲ್ಕು ಮಾತು ಬರೆಯುತ್ತಿದ್ದೇನೆ. ಇದು ಮೆಕ್ಯಾನಿಕ್ಕಿನ ಕೆಲಸ, ನಮಗೇಕೆ ಎಂದು ಪುಟ ಮಗುಚಬೇಡಿ. ಇಂಜನು ಬಿಚ್ಚುವಾಗ ಪಕ್ಕದಲ್ಲಿ ನಿಲ್ಲುವವರು ನೀವು. ಪೇಟೆಗೆ ಓಡಿ ಅಂಟಿನ ಟ್ಯೂಬು ತರುವವರೂ ಹೆಚ್ಚಾಗಿ ನೀವೇ. ಅಂಗಡಿಯವರು ಕೊಟ್ಟದ್ದನ್ನು ತರುವುದಕ್ಕೂ ಬೇಕಾದ್ದನ್ನು ಕೇಳಿ ತರುವುದಕ್ಕೂ ಎಷ್ಟು ಅಂತರವಿದೆ ಎಂಬುದು ನನಗೆ ಒಂದು ಬೇಸಿಗೆಯಲ್ಲಿ ಚೆನ್ನಾಗಿ ಮನವರಿಕೆಯಾಯಿತು.

ನಾನಿರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ನಮ್ಮಲ್ಲಿ ಅಡಿಕೆಯೇ ಮುಖ್ಯ ಬೆಳೆ, ಈ ಪತ್ರಿಕೆ ಓದುವ ನಿಮ್ಮಲ್ಲಿ ಹಲವರದು ಕಬ್ಬು. ಬೆಳೆ ಬೇರೆಯಾದರೂ ಜನವರಿಯಿಂದ ಮೇ ತನಕ ಇಬ್ಬರ ಜೀವವೂ ನೀರಿನ ಮೇಲೆಯೇ. ವಿದ್ಯುತ್ ಪಂಪುಗಳು ಬಂದ ಮೇಲೆ ಡೀಸೆಲ್ ಇಂಜನುಗಳು ಹಿಂದೆ ಸರಿದಿವೆ, ನಿಜ. ಆದರೂ ಹೊಳೆಬದಿಯಲ್ಲಿ, ತಂತಿ ಎಳೆಯದ ಗುಡ್ಡದ ಬುಡದಲ್ಲಿ, ಕರೆಂಟು ಕೈಕೊಟ್ಟ ದಿನಗಳಲ್ಲಿ ಇಂದಿಗೂ ಅದೇ ಆಧಾರ. ಪವರ್ ಟಿಲ್ಲರಿನಲ್ಲಿ ಇರುವುದೂ ಅದೇ ಜಾತಿಯ ಇಂಜನು.

ಒಂದು ಲೆಕ್ಕ ನೋಡಿ. ಅಡಿಕೆಯನ್ನು 2.7 ಮೀಟರು ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರ. ಕಾಲುವೆಯಲ್ಲೋ ಪೈಪಿನಲ್ಲೋ ನೀರು ಬಿಡುವ ತೋಟದಲ್ಲಿ ಮರವೊಂದಕ್ಕೆ ಸಲಕ್ಕೆ 175 ಲೀಟರು ಕೊಡಬೇಕು, ಮಾರ್ಚಿನಿಂದ ಮೇ ತನಕ ಮೂರರಿಂದ ಐದು ದಿನಕ್ಕೊಮ್ಮೆ ಕೊಡಬೇಕು ಎಂಬುದು ಸಿ.ಪಿ.ಸಿ.ಆರ್.ಐ. ಸಂಸ್ಥೆಯ ಶಿಫಾರಸು. ಗುಣಿಸಿದರೆ ಎಕರೆಗೆ ಒಂದು ಸರದಿಗೆ 96,000 ಲೀಟರಿಗೂ ಮೇಲಾಯಿತು. ಇಂಜನು ಹತ್ತು ದಿನ ನಿಂತರೆ ಎರಡು ಮೂರು ಸರದಿ ತಪ್ಪಿತು. ಅಡಿಕೆ ಮರದ ಸ್ವಭಾವವೆಂದರೆ, ಒಮ್ಮೆ ಬರಕ್ಕೆ ಸಿಕ್ಕಿ ಸೋತರೆ ಹಿಂದಿನ ಕಸುವಿಗೆ ಬರಲು ಎರಡು ಮೂರು ವರ್ಷ ಹಿಡಿಯುತ್ತದೆ.

1994ರ ಏಪ್ರಿಲಿನಲ್ಲಿ ನಮ್ಮ 5 ಅಶ್ವಶಕ್ತಿಯ ಇಂಜನಿನ ಕ್ರ್ಯಾಂಕ್ ಕೇಸಿನ ಬಾಗಿಲ ಸಂದಿಯಿಂದ ಎಣ್ಣೆ ಒಸರತೊಡಗಿತು. ದಿನಕ್ಕೆ ಅರ್ಧ ಕುಡ್ತೆಯಷ್ಟು. ಕೆಲಸಗಾರನೊಬ್ಬ ಬಂದು ಹಳೆಯ ಕಾಗದದ ಗ್ಯಾಸ್ಕೆಟನ್ನು ಕಿತ್ತೆಸೆದು, ಟ್ಯೂಬಿನ ಸಿಲಿಕೋನನ್ನು ಕಿರುಬೆರಳಿನ ಗಾತ್ರಕ್ಕೆ ಸುತ್ತಲೂ ಹಾಕಿ ಬಾಗಿಲನ್ನು ಬಿಗಿದ. ಹೊರಗೆ ಉಕ್ಕಿದ್ದನ್ನು ಚಿಂದಿಯಲ್ಲಿ ಒರಸಿದ. ಅರ್ಧ ಗಂಟೆಯೊಳಗೆ ಇಂಜನು ಬಿಟ್ಟೆವು. ಒಂದು ತೊಟ್ಟು ಎಣ್ಣೆಯೂ ಇಲ್ಲ! ನಾನೇ ಅವನನ್ನು ಹೊಗಳಿ ಕಾಫಿ ಕುಡಿಸಿ ಕಳಿಸಿದೆ. ಒಂಬತ್ತನೆಯ ದಿನ ಮಧ್ಯಾಹ್ನ ಇಂಜನಿನ ಸದ್ದು ಬದಲಾಯಿತು. ನಿಲ್ಲಿಸಲು ಓಡುವಷ್ಟರಲ್ಲಿ ಅದು ತಾನಾಗಿಯೇ ನಿಂತಿತು. ಬಿಚ್ಚಿ ನೋಡಿದರೆ ಎಣ್ಣೆ ಪಂಪಿನ ಜಾಲರಿಗೆ ಸಿಲಿಕೋನಿನ ಚೂರುಗಳು ಸೇಮಿಗೆಯ ಎಳೆಗಳಂತೆ ಮೆತ್ತಿಕೊಂಡಿವೆ! ಹೊರಗೆ ಉಕ್ಕಿದಷ್ಟೇ ಒಳಗೂ ಉಕ್ಕಿತ್ತು, ಒಳಗಿನದನ್ನು ಒರಸಿದವರಿಲ್ಲ. ಎಣ್ಣೆ ತಲಪದೆ ಬೇರಿಂಗು ಸುಟ್ಟು ಕ್ರ್ಯಾಂಕಿಗೆ ಗೀರು ಬಿದ್ದಿತ್ತು. ಕ್ರ್ಯಾಂಕು ಮಂಗಳೂರಿಗೆ ಹೋಗಿ ಉಜ್ಜಿಸಿಕೊಂಡು ಬರುವಾಗ ಹನ್ನೆರಡು ದಿನ ಕಳೆಯಿತು. ತೋಟದಲ್ಲಿ ನಳ್ಳಿ ಉದುರಿ ನೆಲ ಹಸುರಾಯಿತು. ಅವನೊಬ್ಬನನ್ನೇ ದೂರಲಾರೆ. ಟ್ಯೂಬು ತಂದವನು ನಾನು, ಪಕ್ಕದಲ್ಲಿ ನಿಂತು ನೋಡಿದವನೂ ನಾನೇ.

ಸಂದಿಗೆ ಅಂಟು ಏಕೆ ಬೇಕು ಎಂಬಲ್ಲಿಂದ ತೊಡಗೋಣ. ಯಂತ್ರದಲ್ಲಿ ಕಡೆದ ಲೋಹದ ಮುಖ ಕಣ್ಣಿಗೆ ಕನ್ನಡಿಯಂತೆ ಕಂಡರೂ ಅದರಲ್ಲಿ ಉಳಿಯ ಗೀರುಗಳು, ಏರುತಗ್ಗುಗಳು ಇರುತ್ತವೆ. ಎರಡು ಮುಖಗಳನ್ನು ಎಷ್ಟು ಬಿಗಿದರೂ ಆ ತಗ್ಗುಗಳ ದಾರಿಯಿಂದ ಎಣ್ಣೆ ಹೊರಡುತ್ತದೆ. ತಗ್ಗನ್ನು ತುಂಬುವುದಕ್ಕೆ ಮೆತ್ತನೆಯ ಹಾಳೆ, ಅಂದರೆ ಗ್ಯಾಸ್ಕೆಟ್. ಹಾಳೆಯೂ ತುಂಬದ ಕೂದಲೆಳೆಯಷ್ಟು ಜಾಗಕ್ಕೆ ಅಂಟು. ನಮ್ಮ ಹಿರಿಯರಿಗೆ ಈ ವಿದ್ಯೆ ಹೊಸತಲ್ಲ. ತೂತಾದ ಪಾತ್ರೆಗೆ ಹಲಸಿನ ಮೇಣವನ್ನು ಕಾಯಿಸಿ ಮೆತ್ತುತ್ತಿದ್ದರು, ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಪಾತ್ರೆಗೊಂದು, ದೋಣಿಗೊಂದು. ಆದರೆ ಇಂಜನಿನ ವಿಷಯ ಬಂದಾಗ ಮಾತ್ರ ನಾವು ಒಂದೇ ಟ್ಯೂಬು ತಂದು ತಲೆಯಿಂದ ಕಾಲಿನ ತನಕ ಬಳಿಯುತ್ತೇವೆ.

ಅಂಗಡಿಯಲ್ಲಿ ಸಿಗುವುದನ್ನು ನಾಲ್ಕು ಜಾತಿ ಮಾಡಬಹುದು. ಹಳೆಯದು ಶೆಲಾಕು. ಇದು ಮತ್ತೇನಲ್ಲ, ಮಹಾಭಾರತದ ಅರಗಿನ ಮನೆಯ ಅರಗೇ. ಮುತ್ತುಗ, ಬೋರೆ ಮುಂತಾದ ಮರಗಳ ಮೇಲೆ ಒಂದು ಕೀಟ ಬಿಡುವ ರಾಳವನ್ನು ಶುದ್ಧಿ ಮಾಡಿ ಸ್ಪಿರಿಟ್ಟಿನಲ್ಲಿ ಕರಗಿಸಿದ್ದು. ಸ್ಪಿರಿಟು ಆರಿದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಎಣ್ಣೆ, ಡೀಸೆಲ್, ಪೆಟ್ರೋಲುಗಳಿಗೆ ಜಗ್ಗುವುದಿಲ್ಲ. ದೋಷವೆಂದರೆ ಗಾಜಿನಂತೆ ಪೆಡಸಾಗುತ್ತದೆ. ನಡುಗುವ, ಬಾಗುವ ತೆಳ್ಳಗಿನ ತಗಡಿನ ಮುಚ್ಚಳಕ್ಕೆ ಹಚ್ಚಿದರೆ ಬಿರುಕು ಬಿಡುತ್ತದೆ. ಮತ್ತೆ ಬಿಚ್ಚುವಾಗ ಉಳಿ ಹಿಡಿದು ಕೆರೆಯಬೇಕಾಗುತ್ತದೆ. ಸ್ಟಡ್ಡಿನ ಬುಡದ ಎಳೆಗಳು, ಬಿಚ್ಚುವ ಪ್ರಸಂಗವೇ ಬಾರದ ಪ್ಲಗ್ಗುಗಳು, ಇಂಥವಕ್ಕೆ ಅದು ಒಳ್ಳೆಯದು.

ಎರಡನೆಯದು ಗಟ್ಟಿಯಾಗದ ಗ್ಯಾಸ್ಕೆಟ್ ಪೇಸ್ಟು. ವರ್ಷ ಕಳೆದರೂ ಜಿಗುಟಾಗಿಯೇ ಇರುತ್ತದೆ. ಕಾಗದದ ಗ್ಯಾಸ್ಕೆಟಿನ ಎರಡು ಮುಖಕ್ಕೂ ತೆಳ್ಳಗೆ ಸವರಿದರೆ ಸಾಕು. ಬಿಚ್ಚಿದಾಗ ಗ್ಯಾಸ್ಕೆಟ್ ಹರಿಯದೆ ಬರುತ್ತದೆ. ನನ್ನನ್ನು ಕೇಳಿದರೆ ಬೆಳೆಗಾರನ ಪೆಟ್ಟಿಗೆಯಲ್ಲಿ ಒಂದೇ ಟ್ಯೂಬು ಇಡುವುದಾದರೆ ಇದನ್ನೇ ಇಡತಕ್ಕದ್ದು. ಇದರಿಂದ ಇಂಜನು ಕೆಟ್ಟದ್ದನ್ನು ನಾನು ಕಂಡಿಲ್ಲ.

ಮೂರನೆಯದು ಈಗ ಎಲ್ಲರ ಕೈಯಲ್ಲಿರುವ ಆರ್.ಟಿ.ವಿ. ಸಿಲಿಕೋನ್. ಇದು ಆರುವುದು ಬಿಸಿಲಿನಿಂದಲ್ಲ, ಗಾಳಿಯ ತೇವದಿಂದ. ಮೇಲಿನಿಂದ ಒಳಕ್ಕೆ ಮೆಲ್ಲನೆ ಗಟ್ಟಿಯಾಗುತ್ತಾ ಹೋಗುತ್ತದೆ. ಮೇಲೆ ಕೆನೆ ಕಟ್ಟಲು ಹತ್ತು ನಿಮಿಷ ಸಾಕು, ಒಳಗೆ ಪೂರ್ತಿ ರಬ್ಬರಾಗಲು ಒಂದು ದಿನವಾದರೂ ಬೇಕು. ಅಗಲ ಸಂದಿಯನ್ನು ತುಂಬುತ್ತದೆ, ನಡುಕವನ್ನು ತಾಳುತ್ತದೆ, ಸುಮಾರು 250 ಡಿಗ್ರಿ ಸೆಂಟಿಗ್ರೇಡಿನ ತನಕ ಬಿಸಿಯನ್ನೂ ತಾಳುತ್ತದೆ. ಇಂಜನಿನ ಎಣ್ಣೆ ಮತ್ತು ನೀರಿಗೆ ಸರಿ. ಡೀಸೆಲು, ಪೆಟ್ರೋಲುಗಳಿಗೆ ಮಾತ್ರ ಕೂಡದು. ಅವುಗಳಲ್ಲಿ ನೆನೆದರೆ ಊದಿ ಮೆದುವಾಗಿ ಕಿತ್ತು ಬರುತ್ತದೆ. ಇನ್ನೊಂದು ಎಚ್ಚರ: ಟ್ಯೂಬಿನ ಮುಚ್ಚಳ ತೆಗೆದು ಮೂಸಿ ನೋಡಿ. ವಿನೆಗರಿನ ಹುಳಿ ವಾಸನೆ ಬಂದರೆ ಅದು ಆರುವಾಗ ಆಮ್ಲ ಬಿಡುವ ಜಾತಿ, ಕಬ್ಬಿಣಕ್ಕೂ ತಾಮ್ರ ಹಿತ್ತಾಳೆಗಳಿಗೂ ಅದು ಹಿತವಲ್ಲ. ಕಿಟಕಿಯ ಗಾಜು ಕೂರಿಸಲು ಅದು ಸಾಕು, ಇಂಜನಿಗೆ ಬೇಡ. ಇಂಜನಿಗೆಂದೇ ಮಾಡಿದ, ಹುಳಿ ವಾಸನೆಯಿಲ್ಲದ ಟ್ಯೂಬನ್ನೇ ಕೇಳಿ ತೆಗೆದುಕೊಳ್ಳಿ.

ನಾಲ್ಕನೆಯದು ಸ್ವಾರಸ್ಯದ್ದು. ಗಾಳಿ ಇರುವ ತನಕ ನೀರಾಗಿದ್ದು, ಎರಡು ಲೋಹಗಳ ನಡುವೆ ಗಾಳಿ ಇಲ್ಲದೆ ಸಿಕ್ಕಿಬಿದ್ದಾಗ ಗಟ್ಟಿಯಾಗುವ ಅಂಟು. ಅಮೆರಿಕದ ಹಾರ್ಟ್‌ಫರ್ಡ್ ಎಂಬ ಊರಿನ ಟ್ರಿನಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವೆರ್ನನ್ ಕ್ರೀಬಲ್ ಎಂಬವರು 1953ರಲ್ಲಿ ಇದನ್ನು ಸಿದ್ಧಪಡಿಸಿದರು. ಲಾಕ್‌ಟೈಟ್ ಎಂಬ ಹೆಸರು ಬಂದದ್ದು ಇದರಿಂದಲೇ. ಇದರ ಬಾಟಲಿ ಪೂರ್ತಿ ತುಂಬಿರುವುದಿಲ್ಲ. ಅಂಗಡಿಯವನು ಮೋಸ ಮಾಡಿದನೆಂದು ಜಗಳಾಡಬೇಡಿ, ಒಳಗೆ ಗಾಳಿ ಇಲ್ಲದಿದ್ದರೆ ಅದು ಬಾಟಲಿಯಲ್ಲೇ ಗಟ್ಟಿಯಾದೀತು. ಚೆನ್ನಾಗಿ ಕಡೆದ, ಬಾಗದ, ಕಾಲು ಮಿಲಿಮೀಟರಿಗಿಂತ ಕಡಮೆ ಅಂತರದ ಗಟ್ಟಿ ಮುಖಗಳಿಗೆ ಇದು ಹೇಳಿ ಮಾಡಿಸಿದ್ದು. ಒಳಕ್ಕೆ ಉಕ್ಕಿದ ಭಾಗ ಗಟ್ಟಿಯಾಗದೆ ಎಣ್ಣೆಯಲ್ಲಿ ತೊಳೆದುಹೋಗುವುದರಿಂದ ಜಾಲರಿ ಕಟ್ಟುವ ಭಯವೂ ಇಲ್ಲ. ಬೆಲೆ ಹೆಚ್ಚು. ತುಕ್ಕು ತಿಂದು ಹಳ್ಳಬಿದ್ದ ನಮ್ಮ ಹಳೆಯ ಇಂಜನುಗಳ ಮುಖಕ್ಕೆ ಇದು ಒದಗುವುದು ಅಪರೂಪ.

ಇನ್ನು ಇಂಜನಿನ ಮುಂದೆ ಕುಳಿತುಕೊಳ್ಳಿ. ಪ್ರತಿಯೊಂದು ಸಂದಿಯನ್ನೂ ನೋಡಿ ಕೇಳಬೇಕಾದ್ದು: ಒಳಗೆ ಹರಿಯುವುದು ಏನು, ಎಷ್ಟು ಬಿಸಿ, ಮತ್ತೆ ಬಿಚ್ಚಬೇಕೇ? ಇವೆಲ್ಲಕ್ಕಿಂತ ಹೆಚ್ಚಾಗಿ, ಈ ಗ್ಯಾಸ್ಕೆಟಿನ ದಪ್ಪಕ್ಕೆ ಬೇರೇನಾದರೂ ಕೆಲಸವಿದೆಯೇ? ಈ ಕೊನೆಯ ಪ್ರಶ್ನೆಯನ್ನು ಕೇಳುವವರೇ ಕಡಮೆ.

ಮೊದಲು ಹೆಡ್ಡು. ನಮ್ಮಲ್ಲಿ ಬಹಳ ಕಡೆ ಇರುವ ಕಿರ್ಲೋಸ್ಕರ್ ಎ.ವಿ. 1 ಇಂಜನನ್ನು ಉದಾಹರಣೆಗೆ ತೆಗೆದುಕೊಳ್ಳಿ. ಸಿಲಿಂಡರಿನ ವ್ಯಾಸ 80 ಮಿ.ಮೀ., ಅಂದರೆ ಸುಮಾರು 50 ಚದರ ಸೆಂಟಿಮೀಟರು. ಡೀಸೆಲು ಉರಿಯುವ ಕ್ಷಣದಲ್ಲಿ ಚದರ ಸೆಂಟಿಮೀಟರಿಗೆ 60 ಕಿಲೋ ಒತ್ತಡವೆಂದು ಇಟ್ಟುಕೊಂಡರೂ ಹೆಡ್ಡನ್ನು ಮೇಲಕ್ಕೆ ಎತ್ತುವ ಬಲ ಮೂರು ಟನ್ನು. ಒಂದೆರಡು ಗಾಡಿ ಕಬ್ಬಿನ ಭಾರ! ನಿಮಿಷಕ್ಕೆ 1500 ಸುತ್ತಿನಲ್ಲಿ ಈ ಹೊಡೆತ 750 ಸಲ ಬೀಳುತ್ತದೆ. ಇದನ್ನು ತಡೆಯುವುದು ಅಂಟಲ್ಲ, ಸ್ಟಡ್ಡುಗಳ ಸಮನಾದ ಬಿಗಿತ. ಆದ್ದರಿಂದ ತಯಾರಕರ ಪುಸ್ತಕ ಬೇರೆ ಹೇಳದಿದ್ದರೆ ಹೆಡ್ ಗ್ಯಾಸ್ಕೆಟನ್ನು ಒಣದಾಗಿಯೇ ಕೂರಿಸತಕ್ಕದ್ದು. ಪೇಸ್ಟು, ಸಿಲಿಕೋನ್, ಗ್ರೀಸು ಯಾವುದೂ ಬೇಡ. ಜಾರುವ ಪದಾರ್ಥ ಇದ್ದರೆ ಒತ್ತಡಕ್ಕೆ ಗ್ಯಾಸ್ಕೆಟ್ ಹೊರಕ್ಕೆ ಸರಿಯುತ್ತದೆ. ನಟ್ಟುಗಳನ್ನು ಒಂದರ ಎದುರು ಇನ್ನೊಂದರಂತೆ ಮೂಲೆಯಿಂದ ಮೂಲೆಗೆ, ಮೂರು ಸರದಿಯಲ್ಲಿ, ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಬೇಕು. ಆ ಸ್ಪ್ಯಾನರು ಇಲ್ಲದ ಮೆಕ್ಯಾನಿಕ್ಕಿನ ಕೈಗೆ ಹೆಡ್ಡು ಕೊಡಬೇಡಿ ಎಂದು ಹೇಳುವಷ್ಟು ನಿಷ್ಠುರ ನಾನಲ್ಲ, ಆದರೆ ಕೇಳುವುದರಲ್ಲಿ ತಪ್ಪಿಲ್ಲ.

ಸಿಲಿಂಡರಿನ ಬುಡದ ಗ್ಯಾಸ್ಕೆಟ್ ಎಣ್ಣೆ ತಡೆಯುವುದಕ್ಕೆ ಮಾತ್ರ ಇರುವುದಲ್ಲ. ಪಿಸ್ಟನ್ನು ಮೇಲೆ ಬಂದಾಗ ಅದಕ್ಕೂ ಹೆಡ್ಡಿಗೂ ನಡುವೆ ಇರಬೇಕಾದ ಎಡೆಯನ್ನು ನಿರ್ಣಯಿಸುವುದೂ ಈ ಹಾಳೆಗಳ ದಪ್ಪವೇ. ಅದನ್ನು ಕಿತ್ತು ಸಿಲಿಕೋನ್ ಹಾಕಿದರೆ ಸಿಲಿಂಡರು ಅಷ್ಟು ಕೆಳಗಿಳಿಯುತ್ತದೆ. ಪಿಸ್ಟನ್ನು ಹೆಡ್ಡಿಗೆ ತಾಗಬಹುದು. ಮಂದ ಕಾಗದ ಹಾಕಿದರೆ ಒತ್ತಡ ಸಾಲದೆ ಬೆಳಗಿನ ಚಳಿಗೆ ಇಂಜನು ಹಿಡಿಯದು. ಡೀಸೆಲ್ ಪಂಪಿನ ಅಡಿಯ ಶಿಮ್ಮುಗಳ ಕತೆಯೂ ಇದೇ. ಅವುಗಳ ದಪ್ಪ ಹೆಚ್ಚುಕಡಮೆಯಾದರೆ ಡೀಸೆಲು ಸಿಡಿಯುವ ಹೊತ್ತೇ ಬದಲಾಗುತ್ತದೆ. ಹೊಗೆ, ಬಡಿತ, ಎಣ್ಣೆಯ ಖರ್ಚು ಎಲ್ಲ ಆಮೇಲೆ ಬರುವ ಕಾಯಿಲೆಗಳು. ಬಿಚ್ಚುವಾಗಲೇ ಈ ಎರಡು ಕಡೆಯ ಹಾಳೆಗಳನ್ನು ಎಣಿಸಿ, ಒಂದು ದಾರದಲ್ಲಿ ಪೋಣಿಸಿ, ಗೋಡೆಯ ಮೊಳೆಗೆ ತೂಗುಹಾಕಿ. ಹೊಸತು ತರುವಾಗ ಅಷ್ಟೇ ದಪ್ಪದ್ದನ್ನು, ಅಷ್ಟೇ ಸಂಖ್ಯೆಯಲ್ಲಿ ತರಬೇಕು. ಹಚ್ಚುವುದಿದ್ದರೆ ಗಟ್ಟಿಯಾಗದ ಪೇಸ್ಟಿನ ತೆಳು ಲೇಪ ಸಾಕು.

ಕ್ರ್ಯಾಂಕ್ ಕೇಸಿನ ಬಾಗಿಲು, ಗೇರಿನ ಮುಚ್ಚಳಗಳಿಗೆ ಕಾಗದ ಮತ್ತು ಪೇಸ್ಟು. ಕಾಗದ ಕತ್ತರಿಸುವಾಗ ಹಾಳೆಯನ್ನು ಮುಖದ ಮೇಲಿಟ್ಟು ಸುತ್ತಿಗೆಯಿಂದ ಕುಟ್ಟುವ ರೂಢಿ ಇದೆ. ಎರಕದ ಅಂಚು ಜಜ್ಜಿಹೋಗುತ್ತದೆ. ಹೆಬ್ಬೆರಳಿಗೆ ಎಣ್ಣೆ ಮಾಡಿಕೊಂಡು ಉಜ್ಜಿ ಗುರುತು ಮೂಡಿಸಿ, ಕತ್ತರಿಯಿಂದ ಕತ್ತರಿಸಿ. ಮುಖವೇ ತುಕ್ಕು ತಿಂದು ಗುಳಿಬಿದ್ದಿದ್ದರೆ, ತಗಡಿನ ಮುಚ್ಚಳ ಸೊಟ್ಟಗಾಗಿದ್ದರೆ ಸಿಲಿಕೋನ್ ಹಾಕಲೇಬೇಕಾಗಬಹುದು. ಆಗ ಅಕ್ಕಿಕಾಳಿನ ದಪ್ಪದ ಒಂದೇ ಎಳೆಯನ್ನು ಬೋಲ್ಟಿನ ತೂತುಗಳ ಒಳಬದಿಯಿಂದ ಹಾಯಿಸಿ, ಎಲ್ಲೂ ಕಡಿಯದಂತೆ ಸುತ್ತು ಮುಗಿಸಿ, ಕೆನೆ ಕಟ್ಟುವ ಮೊದಲೇ ಮುಚ್ಚಳ ಕೂರಿಸಬೇಕು. ಮೊದಲು ಕೈಬಿಗಿ ಮಾತ್ರ. ಒಂದೆರಡು ಗಂಟೆ ಬಿಟ್ಟು ಪೂರ್ತಿ ಬಿಗಿಯಿರಿ. ಮರುದಿನ ಇಂಜನು ಬಿಡಿ. ಇಲ್ಲಿ ನಮ್ಮ ಊರಿನ ಹವೆಯ ಮಾತೂ ಇದೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ. ಆಟಿ ತಿಂಗಳ ತೇವದಲ್ಲಿ ಸಿಲಿಕೋನ್ ಬೇಗ ಕೆನೆ ಕಟ್ಟುತ್ತದೆ, ಎಳೆ ಹಾಕಿಟ್ಟು ಬೀಡಿ ಹಚ್ಚಲು ಹೋದರೆ ಕೆಲಸ ಕೆಟ್ಟಿತು. ಘಟ್ಟದ ಮೇಲಿನ ಒಣಹವೆಯ ಬಂಧುಗಳಿಗೆ ಇದರ ತದ್ವಿರುದ್ಧ: ಅಲ್ಲಿ ಬೇಸಿಗೆಯಲ್ಲಿ ಅದು ಆರಲು ಇನ್ನೂ ಹೆಚ್ಚು ಹೊತ್ತು ಬೇಕು.

ನೀರಿನ ಜಾಕೆಟ್ಟಿನ ಮುಚ್ಚಳಕ್ಕೆ ಪೇಸ್ಟು ಅಥವಾ ಸಿಲಿಕೋನ್ ಯಾವುದಾದರೂ ನಡೆದೀತು. ಹೊಗೆ ಕೊಳವೆಯ ಬುಡಕ್ಕೆ ಯಾವ ಅಂಟೂ ಬೇಡ, ಅಲ್ಲಿಯ ಬಿಸಿಗೆ ಸಿಲಿಕೋನ್ ಬೂದಿಯಾಗುತ್ತದೆ. ಡೀಸೆಲ್ ಪೈಪಿನ ಸಂದಿಗಳಿಗೆ ತಾಮ್ರದ ವಾಷರು ಮಾತ್ರ. ಹಳೆಯದು ಬಿರುಸಾಗಿದ್ದರೆ ಒಲೆಯ ಕೆಂಡದಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮೆದುವಾಗಿ ಮತ್ತೆ ಕೆಲಸಕ್ಕೆ ಬರುತ್ತದೆ. ಅಲ್ಲಿ ಅಂಟು ಹಚ್ಚಿದರೆ ಒಂದು ಚೂರು ನಾಜಲಿನ ಸೂಜಿತೂತಿಗೆ ಹೋಗಿ ಕುಳಿತೀತು.

ಔಷಧಿ ಸಿಂಪಡಿಸುವ ಪೆಟ್ರೋಲ್ ಸ್ಪ್ರೇಯರು ಇರುವವರಿಗೆ ಒಂದು ಮಾತು. ಎರಡು ಹೊಡೆತದ ಆ ಚಿಕ್ಕ ಇಂಜನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಕ್ರ್ಯಾಂಕ್ ಕೇಸಿನ ಮೂಲಕವೇ ಹಾಯುತ್ತದೆ. ಅಲ್ಲಿ ಸಿಲಿಕೋನ್ ಹಾಕಿದರೆ ಪೆಟ್ರೋಲಿಗೆ ಕಿತ್ತುಬಂದು ಗಾಳಿ ಒಳಸೇರುತ್ತದೆ. ಮಿಶ್ರಣ ತೆಳ್ಳಗಾಗಿ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ನಾಲ್ಕು ದಿನದಲ್ಲೇ ಹೀಗಾಗುವುದು ನಮ್ಮ ಗ್ರಹಚಾರ. ಕಂಪೆನಿಯ ಕಾಗದವನ್ನೇ ಹಾಕಿ, ಪೆಟ್ರೋಲು ತಾಳುವ ಪೇಸ್ಟನ್ನು ತೆಳ್ಳಗೆ ಸವರಿ.

ಇಷ್ಟೆಲ್ಲ ಮಾಡಿದ ಮೇಲೂ ಎಣ್ಣೆ ಒಸರಿದರೆ ಮತ್ತೊಂದು ಟ್ಯೂಬು ತರಲು ಹೊರಡಬೇಡಿ. ಕ್ರ್ಯಾಂಕ್ ಕೇಸಿನ ಉಸಿರುಕೊಳವೆಯನ್ನು ಬಿಚ್ಚಿ ನೋಡಿ. ಪಿಸ್ಟನ್ನು ಕೆಳಗಿಳಿಯುವಾಗ ಒಳಗಿನ ಗಾಳಿ ಹೊರಹೋಗಲು ಅದೇ ದಾರಿ. ಅದರಲ್ಲಿ ಮಸಿಯೋ ಕಣಜದ ಮಣ್ಣೋ ಕಟ್ಟಿಕೊಂಡರೆ ಗಾಳಿ ಸಿಕ್ಕಿದ ಸಂದಿಯಿಂದ ಎಣ್ಣೆಯನ್ನು ತಳ್ಳಿಕೊಂಡೇ ಹೊರಡುತ್ತದೆ. ಕ್ರ್ಯಾಂಕು ಸರಿಯಾಗಿ ಬಂದ ಮೇಲೆ ನಮ್ಮ ಇಂಜನನ್ನು ಜೋಡಿಸಿದ ಹಿರಿಯ ಮೇಸ್ತ್ರಿಯವರು ಮೊದಲು ಕೈಹಾಕಿದ್ದೇ ಇಲ್ಲಿಗೆ. ಒಂದು ಚಮಚೆಯಷ್ಟು ಗಟ್ಟಿ ಮಸಿ ತೆಗೆದು ನನ್ನ ಅಂಗೈಯಲ್ಲಿಟ್ಟು, "ಅಣ್ಣಾ, ನಿಮ್ಮ ಇಂಜನಿಗೆ ಶೀತವಾಗಿ ಮೂಗು ಕಟ್ಟಿತ್ತು, ನೀವು ಕಾಲಿಗೆ ಪಟ್ಟಿ ಹಾಕಿಸಿದಿರಿ" ಎಂದರು. ಮೊದಲೇ ಇದನ್ನು ನೋಡಿದ್ದರೆ ಬಾಗಿಲು ಬಿಚ್ಚುವ ಅಗತ್ಯವೇ ಇರಲಿಲ್ಲ.

ಹಳೆಯ ಗ್ಯಾಸ್ಕೆಟ್ ಕೆರೆಯುವ ವಿಚಾರವನ್ನು ಮರೆಯಬಾರದು. ಹಿಂದಿನ ಕಾಲದ ಹೆಡ್ ಗ್ಯಾಸ್ಕೆಟ್ಟುಗಳಲ್ಲಿ ತಾಮ್ರದ ತಗಡಿನ ನಡುವೆ ಇದ್ದದ್ದು ಕಲ್ನಾರು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಹತ್ತಾರು ವರ್ಷ ಕಳೆದ ಮೇಲೆ ರೋಗ ತೋರುತ್ತದೆ, ಕ್ಯಾನ್ಸರೂ ಆಗಬಹುದು. ಕಲ್ನಾರಿನ ಕೆಲಸಗಾರರ ಆರೋಗ್ಯದ ಬಗ್ಗೆ ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪು ಕೊಟ್ಟದ್ದು ಇದೇ ಕಾರಣಕ್ಕೆ. ಹಳೆಯ ಗ್ಯಾಸ್ಕೆಟನ್ನು ಒಣಗಿದ್ದಾಗ ಕೆರೆಯಬೇಡಿ, ಬಾಯಿಂದ ಊದಬೇಡಿ, ಗಾಳಿಯ ಪಂಪು ಹಿಡಿಯಬೇಡಿ. ನೀರು ಚಿಮುಕಿಸಿ ಒದ್ದೆ ಮಾಡಿ, ಮೊಂಡ ಕತ್ತಿಯಿಂದ ಮೆಲ್ಲನೆ ಎಬ್ಬಿಸಿ, ಒದ್ದೆ ಚಿಂದಿಯಲ್ಲಿ ಒರಸಿ, ಚಿಂದಿ ಸಹಿತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಮಕ್ಕಳನ್ನು ದೂರವಿಡಿ. ಹೊಸತು ಕೊಳ್ಳುವಾಗ ಕಲ್ನಾರಿಲ್ಲದ ಗ್ಯಾಸ್ಕೆಟನ್ನೇ ಕೇಳಿ.

ಮುಖಗಳಲ್ಲಿ ಎಣ್ಣೆಯ ಜಿಡ್ಡು ಉಳಿದರೆ ಯಾವ ಅಂಟೂ ಹಿಡಿಯದು. ಪೆಟ್ರೋಲಿನ ಚಿಂದಿಯಿಂದ ಒರಸಿ, ಆರಲು ಬಿಟ್ಟು, ಮತ್ತೆ ಬೆರಳು ತಾಗಿಸದೆ ಹಚ್ಚಬೇಕು. ಆ ಹೊತ್ತಿಗೆ ಬೀಡಿ ದೂರವಿರಲಿ. ಉಳಿದ ಸಿಲಿಕೋನ್ ಟ್ಯೂಬಿನ ಮೂತಿಗೆ ಒಂದು ಸ್ಕ್ರೂ ತಿರುಗಿಸಿ ಮುಚ್ಚಿಟ್ಟರೆ ಮುಂದಿನ ಸಲಕ್ಕೆ ಬರಬಹುದು. ಟ್ಯೂಬಿನ ಮೇಲಿನ ತಾರೀಕು ಕಳೆದಿದ್ದರೆ ಬಿಸಾಡಿ.

ಜೋಡಿಸಿದ ಇಂಜನನ್ನು ಎರಡು ಗಂಟೆ ಓಡಿಸಿ, ತಣಿಯಲು ಬಿಟ್ಟು, ಹೆಡ್ಡಿನ ನಟ್ಟುಗಳನ್ನು ಪುಸ್ತಕದ ಅಳತೆಗೆ ಮತ್ತೊಮ್ಮೆ ನೋಡಿ. ಆಮೇಲೆ ವಾಲ್ವಿನ ಎಡೆಯನ್ನೂ ನೋಡಬೇಕು, ಹೆಡ್ಡು ಕೂತಷ್ಟು ಅದು ಬದಲಾಗಿರುತ್ತದೆ. ಎಲ್ಲಾದರೂ ಸಿಲಿಕೋನ್ ಹಾಕಿದ್ದರೆ ಒಂದು ವಾರದ ನಂತರ ಎಣ್ಣೆ ಇಳಿಸಿ ಜಾಲರಿಯನ್ನು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ. ಚೂರುಗಳಿದ್ದರೆ ತೊಳೆದು ಹಾಕಿ, ಮರುವಾರ ಪುನಃ ನೋಡಿ.